ಸಾಕ್ಷಿಯನ್ನು ತಯಾರು ಮಾಡಿ, ಸಾಕ್ಷ್ಯವನ್ನು ಮುಟ್ಟಬೇಡಿ: ಅಂತರರಾಷ್ಟ್ರೀಯ ಅಪರಾಧ ವಿಚಾರಣೆಗೆ ಸಾಕ್ಷಿಯನ್ನು ಸಿದ್ಧಗೊಳಿಸುವ ಬಗೆ

2009ರ ಜನವರಿ 28. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತನ್ನ ಮೊಟ್ಟಮೊದಲ ವಿಚಾರಣೆಯ ಮೊಟ್ಟಮೊದಲ ಸಾಕ್ಷಿಯನ್ನು ಕರೆದಿತ್ತು. ಆರೋಪಿ, ಕಾಂಗೋದ ಸಶಸ್ತ್ರ ಗುಂಪೊಂದರ ನಾಯಕ ಥಾಮಸ್ ಲುಬಾಂಗಾ. ಮಕ್ಕಳ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ಬಿಟ್ಟ ಎಂಬುದು ಆರೋಪ. ಸಾಕ್ಷಿ, ಅಂಥ ಮಕ್ಕಳಲ್ಲಿ ಒಬ್ಬ ಎನ್ನಲಾದ ಹುಡುಗ. ಶಾಲೆಯಿಂದ ಮನೆಗೆ ಹೋಗುವಾಗ ಸೈನಿಕರು ಹಿಡಿದುಕೊಂಡು ಹೋದರು ಎಂದು ಮೊದಲು ಹೇಳಿದ. ಅದೇ ದಿನ, ಸ್ವಲ್ಪ ಹೊತ್ತು ಬಿಟ್ಟು, ಅದು ನಿಜವಲ್ಲ, ಒಂದು ಸಂಸ್ಥೆಯವರು ಹೇಳಿಕೊಟ್ಟಿದ್ದು ಎಂದುಬಿಟ್ಟ. ಕೋರ್ಟು ಅವನನ್ನು ಅಲ್ಲಿಗೇ ನಿಲ್ಲಿಸಿತು. ಎರಡು ವಾರದ ನಂತರ, ಆರೋಪಿಯ ಮುಖ ಕಾಣದ ಹಾಗೆ ಏರ್ಪಾಡು ಮಾಡಿ ಮತ್ತೆ ಕೂರಿಸಿದಾಗ ಮೊದಲಿನ ಕಥೆಗೇ ಮರಳಿದ. 2012ರ ತೀರ್ಪಿನಲ್ಲಿ ನ್ಯಾಯಾಧೀಶರು ಅವನ ಮಾತನ್ನು ನೆಚ್ಚಲಿಲ್ಲ. ಲುಬಾಂಗಾಗೆ ಶಿಕ್ಷೆಯಾಯಿತು, ಆದರೆ ಬೇರೆ ಸಾಕ್ಷ್ಯಗಳ ಬಲದಿಂದ.

ಸಾಕ್ಷಿಯನ್ನು ತಯಾರು ಮಾಡುವ ಕೆಲಸದ ಎರಡೂ ಅಪಾಯ ಆ ಒಂದೇ ದಿನ ಕಾಣಿಸಿಕೊಂಡವು. ಒಂದು ಹೆದರಿಕೆ. ಇನ್ನೊಂದು ಗಿಣಿಪಾಠ. ಹೆದರಿಕೆಯನ್ನು ಇಳಿಸಬೇಕು, ಗಿಣಿಪಾಠದ ಹತ್ತಿರ ಸುಳಿಯಬಾರದು. ಇದನ್ನು ನೆನಪಿಡೋಕೆ ಕನ್ನಡದಲ್ಲಿ ಒಂದು ಅನುಕೂಲ ಇದೆ. ಹೇಳುವವರು ಸಾಕ್ಷಿ, ಅವರು ಹೇಳುವುದು ಸಾಕ್ಷ್ಯ. ನಡುವೆ ಇರುವುದು ಒಂದು ಯ-ಒತ್ತು ಮಾತ್ರ. ನಿಮ್ಮ ಕೆಲಸವೆಲ್ಲ ಆ ಒತ್ತಿನ ಈಚೆಗೇ ಮುಗಿಯಬೇಕು.

ಕಾನೂನು ಓದುತ್ತಿರುವವರು, ಮಾನವ ಹಕ್ಕು ಸಂಸ್ಥೆಗಳಲ್ಲಿ ಇರುವವರು, ದುಭಾಷಿಯಾಗಿ ಹೋಗುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಭಾರತ ಈ ನ್ಯಾಯಾಲಯದ ಸದಸ್ಯ ದೇಶವಲ್ಲ. ಆದರೆ ನಮ್ಮವರು ಹೊರಗೆ ಹೋಗಿ ಈ ಕೆಲಸ ಮಾಡಬಾರದು ಅಂತೇನಿಲ್ಲ. ಅದರ ಹೆಸರಿನ ಮೊದಲಕ್ಷರ ಹಿಡಿದು 'ಐಸಿಸಿ' ಅಂದರೆ ನಮ್ಮಲ್ಲಿ ಕ್ರಿಕೆಟ್ ಮಾತು ಶುರುವಾಗುತ್ತದೆ. ಹಾಗಾಗಿ ಇಲ್ಲಿ 'ಹೇಗ್ ಕೋರ್ಟು' ಎನ್ನುತ್ತೇನೆ.

ಹೆಜ್ಜೆ 1: ನಿಮ್ಮ ಪೀಠದ ನಿಯಮ ಏನು ಎಂದು ಮೊದಲು ನೋಡಿ

ಸಾಕ್ಷಿಗೆ ಫೋನ್ ಮಾಡುವ ಮೊದಲು ಇದು ಆಗಬೇಕು. ಯಾಕೆಂದರೆ ಒಂದೇ ಕಟ್ಟಡದ ಒಂದು ಪೀಠದಲ್ಲಿ ಸರಿ ಎನಿಸಿದ್ದು ಪಕ್ಕದ ಪೀಠದಲ್ಲಿ ತಪ್ಪಾಗಬಹುದು.

ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಒಂದು 'ಪರಿಚಯ': ಕೋರ್ಟು ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ, ಪ್ರಶ್ನೆ ಹೇಗೆ ಬರುತ್ತದೆ ಎಂದು ತಿಳಿಸುವುದು. ಇದಕ್ಕೆ ಯಾರ ತಕರಾರೂ ಇಲ್ಲ. ಇನ್ನೊಂದು 'ತಯಾರಿ': ಸಾಕ್ಷಿಯನ್ನು ಕರೆದ ವಕೀಲರೇ ಅವರ ಜೊತೆ ಕೂತು ಹಳೆಯ ಹೇಳಿಕೆ, ದಾಖಲೆ, ಫೋಟೋಗಳನ್ನು ಮತ್ತೆ ನೋಡುವುದು. ಜಗಳ ಇರುವುದು ಇದರ ಬಗ್ಗೆ.

ಲುಬಾಂಗಾ ಪ್ರಕರಣದಲ್ಲಿ 2006ರ ನವೆಂಬರ್‌ನಲ್ಲಿ ಹೇಗ್ ಕೋರ್ಟು ತಯಾರಿ ಬೇಡ, ಪರಿಚಯ ಸಾಕು ಎಂದಿತು. 2007ರಲ್ಲಿ ವಿಚಾರಣಾ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ್ದ ಹಿಂದಿನ ಯುಗೊಸ್ಲಾವಿಯಾದ ನ್ಯಾಯಮಂಡಳಿ 2004ರಲ್ಲೇ, ಲಿಮಾಯ್ ಪ್ರಕರಣದಲ್ಲಿ, ತಯಾರಿ ಮಾಡಬಹುದು ಎಂದಿತ್ತು. ಅಂಥದ್ದೇ ಆದ, ರುವಾಂಡಾ ನರಮೇಧವನ್ನು ವಿಚಾರಿಸಿದ ನ್ಯಾಯಮಂಡಳಿಯ ಮೇಲ್ಮನವಿ ಪೀಠವೂ 2007ರಲ್ಲಿ ಒಪ್ಪಿತು. ಆಮೇಲೆ ಹೇಗ್ ಕೋರ್ಟಿನಲ್ಲೇ ಗಾಳಿ ತಿರುಗಿತು. ಚುನಾವಣೆಯ ನಂತರದ ಹಿಂಸಾಚಾರಕ್ಕೆ ಸಂಬಂಧಿಸಿದ ಕೀನ್ಯಾ ಪ್ರಕರಣಗಳಲ್ಲಿ 2013ರ ಜನವರಿ 2ರಂದು ತಯಾರಿಗೆ ಅನುಮತಿ ಸಿಕ್ಕಿತು, ಜೊತೆಗೆ ಕಟ್ಟುನಿಟ್ಟಿನ ನಿಯಮಾವಳಿಯೂ ಬಂತು. ಕಾಂಗೋದ ಇನ್ನೊಬ್ಬ ಸಶಸ್ತ್ರ ನಾಯಕ ಎನ್ಟಗಾಂಡಾ ಪ್ರಕರಣದಲ್ಲಿ 2015ರ ಜೂನ್‌ನಲ್ಲಿ ಹೌದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಐವರಿ ಕೋಸ್ಟ್‌ನ ಮಾಜಿ ಅಧ್ಯಕ್ಷ ಬಾಗ್ಬೊ ಪ್ರಕರಣದಲ್ಲಿ ಬೇಡ.

ಈ ಗೊಂದಲದ ಬೇರು ವಕೀಲರು ಕಲಿತು ಬಂದ ದೇಶಗಳಲ್ಲಿದೆ. ಅಮೆರಿಕದಲ್ಲಿ ಸಾಕ್ಷಿಯನ್ನು ಗಂಟೆಗಟ್ಟಲೆ ಕೂರಿಸಿಕೊಂಡು ತಯಾರು ಮಾಡದಿದ್ದರೆ ವಕೀಲ ಸೋಮಾರಿ. ಇಂಗ್ಲೆಂಡಿನಲ್ಲಿ ಅದೇ ಕೆಲಸ ಮಾಡಿದರೆ ವೃತ್ತಿಗೇ ಕುತ್ತು. ಫ್ರಾನ್ಸಿನ ಕಡೆಯವರಿಗೆ ಸಾಕ್ಷಿ ಕೋರ್ಟಿಗೆ ಸೇರಿದವನು, ಯಾವ ಕಕ್ಷಿಗೂ ಅಲ್ಲ. ನಮ್ಮ ತಾಲೂಕು ಕೋರ್ಟಿನ ಹುಣಸೆ ಮರದ ಕೆಳಗೆ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತು, ಅದನ್ನು ಹೇಗ್‌ಗೆ ಒಯ್ಯಬೇಡಿ.

ನನ್ನನ್ನು ಕೇಳಿದರೆ ಕೀನ್ಯಾ ಪೀಠದ ದಾರಿಯೇ ಸರಿ. ಘಟನೆ ನಡೆದು ಎಷ್ಟೋ ವರ್ಷವಾಗಿರುತ್ತದೆ. ಸಾಕ್ಷಿ ಸಾವಿರಾರು ಮೈಲಿ ಹಾರಿ ಬಂದಿರುತ್ತಾರೆ. ಅವರು ತಮ್ಮ ಹೇಳಿಕೆಯನ್ನು ವಕೀಲರ ಜೊತೆ ಕೂತು ಒಮ್ಮೆ ನೋಡುವುದೂ ಬೇಡ ಎಂದರೆ ಅದು ಶುದ್ಧತೆಯಲ್ಲ, ಮಡಿ. ಆದರೆ ಬಾಗಿಲು ಮುಚ್ಚಿಕೊಂಡು ಮಾಡುವ ತಯಾರಿಯನ್ನು ನಾನೂ ಒಪ್ಪುವುದಿಲ್ಲ.

ಹೆಜ್ಜೆ 2: ಮೊದಲ ಹೇಳಿಕೆ

ತಯಾರಿ ಶುರುವಾಗುವುದು ವಿಚಾರಣೆಯ ಹಿಂದಿನ ವಾರ ಅಲ್ಲ. ವರ್ಷಗಳ ಹಿಂದೆ, ಮೊದಲ ಸಲ ಕೂತು ಮಾತಾಡಿದ ದಿನವೇ. ಅಲ್ಲಿ ಆದ ತಪ್ಪನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ.

ಮೊದಲು ಅವರ ಪಾಡಿಗೆ ಅವರನ್ನು ಹೇಳಲು ಬಿಡಿ. ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಕೇಳಿ: ಯಾರು, ಎಲ್ಲಿ, ಆಮೇಲೆ ಏನಾಯಿತು, ನಿಮಗೆ ಹೇಗೆ ಗೊತ್ತಾಯಿತು. ಕೊನೆಯದು ತುಂಬಾ ಮುಖ್ಯ. 'ಸೈನಿಕರು ಮನೆ ಸುಟ್ಟರು' ಎನ್ನುವವರು ಕಣ್ಣಾರೆ ನೋಡಿದ್ದರೋ, ಹೊಗೆ ನೋಡಿದ್ದರೋ, ಅಕ್ಕ ಹೇಳಿದ್ದನ್ನು ಕೇಳಿದ್ದರೋ? ಮೂರೂ ಸಾಕ್ಷ್ಯವೇ, ಆದರೆ ಮೂರಕ್ಕೂ ತೂಕ ಬೇರೆ. ಹೇಳಿಕೆ ಬರೆದ ಮೇಲೆ ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿ, ತಿದ್ದಲು ಅವಕಾಶ ಕೊಟ್ಟು, ಆಮೇಲೆ ಸಹಿ ಹಾಕಿಸಿ.

ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪಾಟೀಸವಾಲಿನಲ್ಲಿ ಸಾಕ್ಷಿಗಳು ಸುಮ್ನೆ ಸುಮ್ನೆ ಸುಳ್ಳುಗಾರರಾಗುವುದು ಹೆಚ್ಚಾಗಿ ಇಲ್ಲೇ. ನಮ್ಮಲ್ಲಿ ದೊಡ್ಡಪ್ಪನ ಮಗನೂ 'ಅಣ್ಣ'ನೇ. ಹೇಳಿಕೆಯಲ್ಲಿ 'ಅಣ್ಣನನ್ನು ಕೊಂದರು' ಎಂದು ಬರೆದಿದ್ದು, ಕೋರ್ಟಿನಲ್ಲಿ 'ದೊಡ್ಡಪ್ಪನ ಮಗ' ಎಂದರೆ ಎದುರಾಳಿ ವಕೀಲರಿಗೆ ಹಬ್ಬ. ಆಫ್ರಿಕಾದ ಎಷ್ಟೋ ಭಾಷೆಗಳಲ್ಲೂ ಹೀಗೆಯೇ. ದೂರದ ಮಾತೂ ಅಷ್ಟೇ. ಹಳ್ಳಿಯವರು 'ಕೂಗಳತೆ ದೂರ' ಎಂದರೆ ಅದು ಖಚಿತವಾದ ಅಳತೆ. ಅದನ್ನು ನೀವೇ '200 ಮೀಟರ್' ಎಂದು ಬರೆದುಕೊಂಡರೆ ಆ ಸಂಖ್ಯೆ ನಿಮ್ಮದು, ಅವರದಲ್ಲ. ಆಡಿದ ಮಾತನ್ನೇ ಬರೆದುಕೊಳ್ಳಿ. ತಾರೀಖು ಕೇಳಬೇಡಿ. ಬಿತ್ತನೆಗೆ ಮೊದಲೋ ಕಟಾವಿನ ಆಮೇಲೋ, ಹಬ್ಬ ಆಗಿತ್ತೋ ಇಲ್ಲವೋ ಎಂದು ಕೇಳಿ.

ರುವಾಂಡಾ ನ್ಯಾಯಮಂಡಳಿಗೆ ಇದರ ಪೂರ್ತಿ ಅನುಭವ ಆಯಿತು. ನರಮೇಧದ ಆರೋಪ ಹೊತ್ತ ಮೇಯರ್ ಅಕಾಯೆಸು ಪ್ರಕರಣದ 1998ರ ಸೆಪ್ಟೆಂಬರ್ 2ರ ತೀರ್ಪಿನಲ್ಲಿ ಅಲ್ಲಿನ ಕಿನ್ಯರುವಾಂಡಾ ಭಾಷೆಯ ಬಗ್ಗೆಯೇ ಒಂದು ಭಾಗ ಇದೆ. ನಾಜೂಕಾದ ಪ್ರಶ್ನೆಗೆ ನೇರ ಉತ್ತರ ಕೊಡದಿರುವುದು ಅಲ್ಲಿನ ರೂಢಿ ಎಂದು ಭಾಷಾತಜ್ಞರು ಕೋರ್ಟಿಗೆ ವಿವರಿಸಿದರು. ದಿನಾಂಕ, ಸಮಯ, ದೂರ ಹೇಳಲು, ನಕ್ಷೆ ಓದಲು ಸಾಕ್ಷಿಗಳು ತಡಬಡಾಯಿಸಿದರೆ ಅದನ್ನೇ ಸುಳ್ಳು ಎಂದು ಎಣಿಸಬಾರದು ಎಂದು ಪೀಠ ತೀರ್ಮಾನಿಸಿತು.

ಅದೇ ಪ್ರಕರಣದ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಒಬ್ಬ ತಾಯಿ 1997ರಲ್ಲಿ ಸಾಕ್ಷಿ ಹೇಳುವಾಗ ತನ್ನ 6 ವರ್ಷದ ಮಗಳಿಗೆ ಆದದ್ದನ್ನು ಹೇಳಿದರು. ಆಮೇಲೆ ಇನ್ನೊಬ್ಬ ಮಹಿಳೆಯೂ ಹೇಳಿದರು. ಜೂನ್‌ನಲ್ಲಿ ಆರೋಪಪಟ್ಟಿ ತಿದ್ದಲಾಯಿತು. ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂಬ ಐತಿಹಾಸಿಕ ತೀರ್ಪು ಬಂದದ್ದು ಹೀಗೆ. ಕೇಳದೆ ಯಾರೂ ಹೇಳುವುದಿಲ್ಲ. ಗಂಡಸರ ಗುಂಪಿನ ನಡುವೆ ಕೂರಿಸಿ ಕೇಳಿದರೂ ಹೇಳುವುದಿಲ್ಲ.

ಮಧ್ಯವರ್ತಿಗಳ ಬಗ್ಗೆ ಎಚ್ಚರ. ಊರಿನ ಪರಿಚಯ ಇರುವವರು ಸಾಕ್ಷಿಯನ್ನು ಹುಡುಕಿಕೊಡಲಿ, ಆದರೆ ಪ್ರಶ್ನೆ ನಿಮ್ಮದೇ ಆಗಿರಲಿ. ತನಿಖೆಯ ಕೆಲಸವನ್ನು ಮಧ್ಯವರ್ತಿಗಳ ಕೈಗೆ ಬಿಟ್ಟದ್ದಕ್ಕೆ ಲುಬಾಂಗಾ ತೀರ್ಪು ಪ್ರಾಸಿಕ್ಯೂಷನ್ನಿಗೆ ಸರಿಯಾಗಿಯೇ ಬೈದಿದೆ.

ಹೆಜ್ಜೆ 3: ಊರು ಬಿಡುವ ಮೊದಲು

ಹೇಗ್ ಕೋರ್ಟಿನಲ್ಲಿ ಈ ಕೆಲಸ ರಿಜಿಸ್ಟ್ರಿಯ (ಕೋರ್ಟಿನ ಆಡಳಿತ ಕಚೇರಿಯ) ಕೆಳಗಿರುವ ಸಂತ್ರಸ್ತರು ಮತ್ತು ಸಾಕ್ಷಿಗಳ ವಿಭಾಗದ್ದು. ಅದು ಪ್ರಾಸಿಕ್ಯೂಷನ್ ಕಡೆಯದೂ ಅಲ್ಲ, ಡಿಫೆನ್ಸ್ ಕಡೆಯದೂ ಅಲ್ಲ. ಇಬ್ಬರ ಸಾಕ್ಷಿಗಳನ್ನೂ ಅದೇ ನೋಡಿಕೊಳ್ಳುತ್ತದೆ.

ನೀವು ಅವರಿಗೆ ಮೊದಲೇ ತಿಳಿಸಬೇಕಾದ್ದು: ಪಾಸ್‌ಪೋರ್ಟ್ ಇದೆಯೇ, ಯಾವ ಭಾಷೆ, ಓದು ಬರುತ್ತದೆಯೇ, ಕಾಯಿಲೆ ಔಷಧ ಏನು, ಮನೆಯಲ್ಲಿ ಮಕ್ಕಳನ್ನೋ ಮುದುಕರನ್ನೋ ನೋಡಿಕೊಳ್ಳುವವರು ಯಾರು. ಹತ್ತು ದಿನ ಊರಲ್ಲಿ ಕಾಣದಿದ್ದರೆ ನೆರೆಯವರು ಕೇಳುತ್ತಾರೆ, ಅಲ್ವಾ? ಅದಕ್ಕೆ ಏನು ಹೇಳುವುದು ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಮಾತು ಕೊಡಬೇಡಿ. 'ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ' ಅನ್ನುವುದು ಅಂಥ ಮಾತು. ಸಾರ್ವಜನಿಕರಿಂದ ಹೆಸರು ಮುಚ್ಚಿಡಬಹುದು, ಮುಖ ಮತ್ತು ಧ್ವನಿ ಬದಲಿಸಿ ಪ್ರಸಾರ ಮಾಡಬಹುದು, ಕೆಲವು ಭಾಗವನ್ನು ಬಾಗಿಲು ಮುಚ್ಚಿ ಕೇಳಬಹುದು. ಆದರೆ ಅದನ್ನು ಕೊಡುವುದು ನ್ಯಾಯಾಧೀಶರು. ಆರೋಪಿಗೂ ಅವನ ವಕೀಲರಿಗೂ ಮಾತ್ರ ಸಾಕ್ಷಿ ಯಾರು ಎಂದು ಗೊತ್ತಾಗಿಯೇ ಆಗುತ್ತದೆ. ಇದನ್ನು ಕೊನೇ ಗಳಿಗೆಯಲ್ಲಿ ತಿಳಿದ ಸಾಕ್ಷಿ ವಿಮಾನ ಹತ್ತದಿದ್ದರೆ ಅವರನ್ನು ದೂರಬೇಡಿ.

ದುಡ್ಡಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಪ್ರಯಾಣ, ವಸತಿ, ದಿನದ ಭತ್ಯೆ ಸಿಗುತ್ತದೆ. ಸಾಕ್ಷಿ ಹೇಳಿದ್ದಕ್ಕೆ ಸಂಬಳ ಇಲ್ಲ. ಟೀ ಕುಡಿಸಿದರೂ ಲೆಕ್ಕ ಬರೆದಿಡಿ. ಪಾಟೀಸವಾಲಿನಲ್ಲಿ ಆ ಟೀ ವಿಷಯವೂ ಬರುವ ಸಾಧ್ಯತೆ ಇದೆ.

ಹೆಜ್ಜೆ 4: ಖಾಲಿ ಕೋರ್ಟ್ ತೋರಿಸಿ

ಈ ಹೆಜ್ಜೆಗೆ ಖರ್ಚು ಕಮ್ಮಿ, ಫಲ ಜಾಸ್ತಿ. ವಿಭಾಗದ ಸಿಬ್ಬಂದಿ ಸಾಕ್ಷಿಯನ್ನು ಖಾಲಿ ಕೋರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಕುರ್ಚಿಯಲ್ಲಿ ಕೂರಲಿ. ಹೆಡ್‌ಫೋನ್ ಹಾಕಿಕೊಳ್ಳಲಿ. ಮೂವರು ನ್ಯಾಯಾಧೀಶರು ಎಲ್ಲಿ, ಪ್ರಾಸಿಕ್ಯೂಷನ್ ಎಲ್ಲಿ, ಆರೋಪಿ ಎಲ್ಲಿ ಎಂದು ಬೆರಳು ಮಾಡಿ ತೋರಿಸಿ. ಗಾಜಿನ ಆಚೆ ಜನ ಕೂರುವ ಜಾಗ ತೋರಿಸಿ. ದುಭಾಷಿಗಳ ಗೂಡು ತೋರಿಸಿ.

ಮೈಕಿನ ಅಭ್ಯಾಸ ಮಾಡಿಸಿ, ಆದರೆ ಪ್ರಕರಣದ ಮಾತು ಬೇಡ. ನಿನ್ನೆ ಏನು ಊಟ ಮಾಡಿದಿರಿ ಅಂತ ಕೇಳಿದರೆ ಸಾಕು. ಪ್ರಶ್ನೆ ಮುಗಿದ ಮೇಲೆ ಐದು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಮಾತಾಡಬೇಕು. ಇಲ್ಲದಿದ್ದರೆ ಅನುವಾದ ಒಂದರ ಮೇಲೊಂದು ಬೀಳುತ್ತದೆ. ಕೇಳಲು ಸುಲಭ, ಕೋಪ ಬಂದಾಗ ಐದು ಸೆಕೆಂಡ್ ಸುಮ್ಮನಿರುವುದು ಕಷ್ಟ.

ಪ್ರಮಾಣದ ಮಾತನ್ನು ಅವರ ಭಾಷೆಯಲ್ಲಿ ಮೊದಲೇ ಕೇಳಿಸಿ. ಹೇಗ್‌ನಲ್ಲಿ ಸತ್ಯವನ್ನೇ ಹೇಳುತ್ತೇನೆ ಎಂಬ ಗಂಭೀರ ಘೋಷಣೆ ಇರುತ್ತದೆ, ಯಾವ ದೇವರ ಹೆಸರೂ ಇಲ್ಲ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ನಾಯಕರನ್ನು ವಿಚಾರಿಸಿದ ಕೋರ್ಟಿನಲ್ಲಿ ಬೇರೆಯದೇ ಕ್ರಮ. ಬೌದ್ಧ ಸಾಕ್ಷಿಗಳು ಕೋರ್ಟಿನ ಆವರಣದಲ್ಲೇ ಇರುವ, ಕಬ್ಬಿಣದ ಗದೆ ಹಿಡಿದ ದೇವತೆಯ ಮೂರ್ತಿಯ ಮುಂದೆ ಆಣೆ ಮಾಡುತ್ತಿದ್ದರು. ಮಂಜುನಾಥನ ಮೇಲೆ ಆಣೆ ಮಾಡು ಎಂದರೆ ಬೆವರುವವರನ್ನು ಕಂಡ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಸಾಕ್ಷಿ ತಾನೇ ಏನಾದರೂ ತಪ್ಪು ಮಾಡಿರಬಹುದು. ಬಾಲಸೈನಿಕನೂ ಗುಂಡು ಹಾರಿಸಿರುತ್ತಾನೆ. ಅಂಥವರಿಗೆ ಮೊದಲೇ ಸ್ವತಂತ್ರ ವಕೀಲರನ್ನು ಕೊಡಿಸಿ. ಹೇಗ್ ಕೋರ್ಟಿನ 74ನೇ ನಿಯಮದಂತೆ, ನೀವು ಹೇಳಿದ್ದನ್ನು ನಿಮ್ಮ ವಿರುದ್ಧ ಬಳಸುವುದಿಲ್ಲ ಎಂಬ ಭರವಸೆಯನ್ನು ಪೀಠ ಕೊಡಬಹುದು. ಸುಳ್ಳು ಹೇಳಿದರೆ ಮಾತ್ರ ಆ ಭರವಸೆ ಕಾಪಾಡುವುದಿಲ್ಲ.

ಲೈಂಗಿಕ ಹಿಂಸೆಗೆ ಒಳಗಾದವರು, ಮಕ್ಕಳು, ತೀವ್ರ ಆಘಾತದಲ್ಲಿ ಇರುವವರು, ಇವರ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು ನೋಡಿ ಪೀಠಕ್ಕೆ ಸಲಹೆ ಕೊಡುತ್ತಾರೆ: ಪಕ್ಕದಲ್ಲಿ ಒಬ್ಬರು ಕೂರಲಿ, ಆರೋಪಿ ಕಾಣದಂತೆ ಪರದೆ ಇರಲಿ, ಆಗಾಗ ಬಿಡುವು ಸಿಗಲಿ, ಬೇಕಿದ್ದರೆ ಬೇರೆ ಊರಿಂದ ವಿಡಿಯೊ ಮೂಲಕ ಹೇಳಲಿ. ಅತ್ಯಾಚಾರದ ಸಾಕ್ಷಿಗೆ ಎರಡು ನಿಯಮ ಮುಂಚೆಯೇ ಗೊತ್ತಿರಲಿ. ಅವರ ಹಿಂದಿನ ಲೈಂಗಿಕ ಜೀವನವನ್ನು ಕೆದಕುವಂತಿಲ್ಲ. ಅವರ ಮಾತಿಗೆ ಇನ್ನೊಬ್ಬರ ಬೆಂಬಲ ಇರಲೇಬೇಕು ಎಂಬ ಷರತ್ತೂ ಇಲ್ಲ. ಮಾನಸಿಕ ಆಘಾತ ಆದವರ ನೆನಪು ನಂಬಿಕೆಗೆ ಅರ್ಹವಲ್ಲ ಎಂಬ ವಾದವನ್ನು ಯುಗೊಸ್ಲಾವಿಯಾ ನ್ಯಾಯಮಂಡಳಿ 1998ರಲ್ಲೇ, ಫುರುಂಡ್ಜಿಯಾ ತೀರ್ಪಿನಲ್ಲಿ, ತಳ್ಳಿಹಾಕಿದೆ.

ಹೆಜ್ಜೆ 5: ಹಳೆಯ ಹೇಳಿಕೆಯನ್ನು ಓದಿಸಿ

ಪರಿಚಯ ಮಾತ್ರ ಸಾಕು ಎನ್ನುವ ಪೀಠವೂ ಇದನ್ನು ಒಪ್ಪಿದೆ. ಓದು ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಓದುವವರು ನಡುನಡುವೆ 'ಇದು ಮುಖ್ಯ ನೋಡಿ' ಎಂದು ದನಿ ಏರಿಸಬಾರದು. ತಪ್ಪು ಕಂಡರೆ ಸಾಕ್ಷಿ ಹೇಳಲಿ, ಬರೆದುಕೊಂಡು ಎದುರು ಪಕ್ಷಕ್ಕೂ ತಿಳಿಸಿ.

ಹೆಜ್ಜೆ 6: ಅನುಮತಿ ಇದ್ದರೆ, ತಯಾರಿ ಸಭೆ

ಕೀನ್ಯಾ ಪ್ರಕರಣದ ನಿಯಮಾವಳಿ ಇಲ್ಲಿ ಒಳ್ಳೆಯ ಮಾದರಿ. ಸಭೆಯ ವಿಡಿಯೊ ಆಗಬೇಕು. ಸಾಕ್ಷಿ ಹೇಳುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ಮುಗಿಯಬೇಕು. ಹೊಸ ವಿಷಯ ಹೊರಬಂದರೆ ತಕ್ಷಣ ಎದುರು ಪಕ್ಷಕ್ಕೆ ತಿಳಿಸಬೇಕು. ಯಾವ ವಿಷಯಗಳ ಬಗ್ಗೆ ಕೇಳುತ್ತೀರಿ ಎಂದು ಹೇಳಬಹುದು. ಕೋರ್ಟಿನಲ್ಲಿ ತೋರಿಸುವ ಫೋಟೋ, ನಕ್ಷೆ, ಪತ್ರಗಳನ್ನು ತೋರಿಸಿ ಗುರುತು ಸಿಗುತ್ತದೆಯೇ ಎಂದು ಕೇಳಬಹುದು. ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುವಂತಿಲ್ಲ. ಯಾವ ಉತ್ತರ ಚೆನ್ನಾಗಿತ್ತು ಎಂದೂ ಹೇಳುವಂತಿಲ್ಲ.

ಗೆರೆ ದಾಟುವುದು ಹೀಗೆ:

'ಆ ದಿನ ಕಮಾಂಡರ್ ಚೆಕ್‌ಪೋಸ್ಟ್ ಹತ್ತಿರ ಇದ್ದರು, ಅಲ್ವಾ?'
'ಇರಬಹುದು.'
'ಹೋದ ಸಲ ಇದ್ದರು ಅಂದಿದ್ದಿರಿ. ಖಂಡಿತವಾಗಿ ಹೇಳಿದರೆ ಒಳ್ಳೇದು.'

ಇಲ್ಲಿ ವಕೀಲರು ಸುಳ್ಳು ಹೇಳಿಕೊಟ್ಟಿಲ್ಲ. ಆದರೂ 'ಇರಬಹುದು' ಎಂಬುದು ಸತ್ತುಹೋಯಿತು. ಅದೇ ವಿಷಯಕ್ಕೆ ಹೀಗೆ ಹೋಗಿ:

'ಚೆಕ್‌ಪೋಸ್ಟ್ ಹತ್ತಿರ ಯಾರ್ಯಾರನ್ನು ನೋಡಿದಿರಿ?'
'ನಾಲ್ಕೈದು ಹುಡುಗರು. ಕಮಾಂಡರ್ ಇರಬಹುದು.'
'ಇರಬಹುದು ಅಂದರೆ?'
'ಅವರ ಗಾಡಿ ನೋಡಿದೆ. ಅವರನ್ನು ನೋಡಲಿಲ್ಲ.'

ಈ ಉತ್ತರ ನಿಮ್ಮ ಕೇಸಿಗೆ ಪೆಟ್ಟು ಅನಿಸಬಹುದು. ಆದರೆ ಗಾಡಿಯ ಮಾತು ಪಾಟೀಸವಾಲಿನಲ್ಲಿ ಅಲ್ಲಾಡುವುದಿಲ್ಲ. ಮುಖಭಾವದ ಮೇಲೂ ಹಿಡಿತ ಇರಲಿ. ನಿಮಗೆ ಬೇಕಾದ ಉತ್ತರ ಬಂದಾಗ ತಲೆಯಾಡಿಸಿದರೆ ಅದೂ ಪಾಠವೇ. ವಿಡಿಯೊದಲ್ಲಿ ಅದು ಕಾಣುತ್ತದೆ.

ಹೆಜ್ಜೆ 7: ಪಾಟೀಸವಾಲು ಅಂದರೆ ಏನು ಎಂದು ತಿಳಿಸಿ

ಯಾವ ಪ್ರಶ್ನೆ ಬರುತ್ತದೆ ಎಂದಲ್ಲ, ಪ್ರಶ್ನೆ ಯಾವ ರೀತಿ ಬರುತ್ತದೆ ಎಂದು. ಎದುರು ವಕೀಲರು ಗಟ್ಟಿಯಾಗಿ ಕೇಳಬಹುದು, ಕೇಳಿದ್ದನ್ನೇ ಕೇಳಬಹುದು, ನೀವು ಸುಳ್ಳು ಹೇಳುತ್ತಿದ್ದೀರಿ ಎನ್ನಬಹುದು. ಅದು ಅವರ ಕೆಲಸ, ಹಗೆ ಅಲ್ಲ. ಮಿತಿ ಮೀರಿದರೆ ನ್ಯಾಯಾಧೀಶರು ತಡೆಯುತ್ತಾರೆ.

'ಗೊತ್ತಿಲ್ಲ' ಒಂದು ಪೂರ್ತಿ ಉತ್ತರ. 'ನೆನಪಿಲ್ಲ' ಇನ್ನೊಂದು. ಎರಡೂ ಒಂದೇ ಅಲ್ಲ ಎಂದು ಬಿಡಿಸಿ ಹೇಳಿ. 'ಪ್ರಶ್ನೆ ಅರ್ಥವಾಗಲಿಲ್ಲ' ಎನ್ನಲು ನಾಚಿಕೆ ಬೇಡ. ದೊಡ್ಡವರು ಕೇಳಿದಾಗ ಇಲ್ಲ ಎನ್ನಬಾರದು ಎಂದು ಬೆಳೆದವರಿಗೆ ಇದು ಎಲ್ಲಕ್ಕಿಂತ ಕಷ್ಟ. ಗೌನ್ ಹಾಕಿದವರ ಎದುರು ಅವರು ಸುಮ್ನೆ 'ಹೌದು ಸಾರ್' ಎಂದುಬಿಡುತ್ತಾರೆ.

ಒಂದು ಪ್ರಶ್ನೆ ಮಾತ್ರ ಬಂದೇ ಬರುತ್ತದೆ: ಇಲ್ಲಿಗೆ ಬರುವ ಮೊದಲು ವಕೀಲರ ಜೊತೆ ಮಾತಾಡಿದ್ದಿರಾ? ಎಷ್ಟೋ ಸಾಕ್ಷಿಗಳು ಅದನ್ನು ತಪ್ಪು ಎಂದುಕೊಂಡು 'ಇಲ್ಲ' ಎನ್ನುತ್ತಾರೆ. ಅಷ್ಟು ಹೊತ್ತು ಹೇಳಿದ ನಿಜವೆಲ್ಲ ಆ ಒಂದು 'ಇಲ್ಲ'ದಿಂದ ಮಸುಕಾಗುತ್ತದೆ. ಭೇಟಿಯನ್ನು ಮುಚ್ಚಿಡಬೇಕಿಲ್ಲ ಎಂದು ಮೊದಲೇ ಹೇಳಿ.

ಹೆಜ್ಜೆ 8: ಇನ್ನು ಮುಟ್ಟಬೇಡಿ

ಸಾಕ್ಷಿಯನ್ನು ವಿಭಾಗಕ್ಕೆ ಒಪ್ಪಿಸಿ, ಪೀಠ ಹೇಳಿದ ಗಡುವು ಬಂದ ಮೇಲೆ ಸಂಪರ್ಕ ಮುಗಿಯಿತು. ಫೋನ್ ಇಲ್ಲ, ಮೆಸೇಜ್ ಇಲ್ಲ, ಸ್ನೇಹಿತರ ಮೂಲಕ ಹೇಳಿಕಳಿಸುವುದೂ ಇಲ್ಲ. ಸಾಕ್ಷ್ಯ ಎರಡು ಮೂರು ದಿನ ನಡೆದರೆ ರಾತ್ರಿಯಲ್ಲಂತೂ ಬೇಡವೇ ಬೇಡ.

ಹೀಗೆ ಮಾಡಿದವರ ಕಥೆ ದಾಖಲೆಯಲ್ಲಿದೆ. ಕಾಂಗೋದ ರಾಜಕಾರಣಿ ಜಾನ್-ಪಿಯೇರ್ ಬೆಂಬಾ ಅವರ ಪ್ರಧಾನ ವಕೀಲ ಎಮೆ ಕಿಲೋಲೊ ಡಿಫೆನ್ಸ್ ಸಾಕ್ಷಿಗಳಿಗೆ ಗಡುವು ಮುಗಿದ ಮೇಲೂ ಫೋನಿನಲ್ಲಿ ಏನು ಹೇಳಬೇಕೆಂದು ಹೇಳಿಕೊಡುತ್ತಿದ್ದರು. ಆ ಕರೆಗಳ ಧ್ವನಿಮುದ್ರಣ ಸಿಕ್ಕಿತು. 2016ರ ಅಕ್ಟೋಬರ್ 19ರಂದು ಬೆಂಬಾ, ಕಿಲೋಲೊ ಸೇರಿ ಐವರು ತಪ್ಪಿತಸ್ಥರು ಎಂದು ತೀರ್ಪು ಬಂತು. ತಿದ್ದಿದ ಸಾಕ್ಷಿಗಳು 14. ವಿಚಿತ್ರ ನೋಡಿ, ಯುದ್ಧಾಪರಾಧದ ಮೂಲ ಪ್ರಕರಣದಲ್ಲಿ ಬೆಂಬಾ 2018ರ ಜೂನ್‌ನಲ್ಲಿ ಖುಲಾಸೆಯಾದರು. ಸಾಕ್ಷಿ ತಿದ್ದಿದ ಪ್ರಕರಣದಲ್ಲಿ ಮಾತ್ರ ಒಂದು ವರ್ಷ ಸೆರೆ, 3,00,000 ಯೂರೊ ದಂಡ ಉಳಿಯಿತು.

ಇನ್ನೊಂದು ಕಡೆಯ ಕಥೆಯೂ ಇದೆ. ಕೀನ್ಯಾದ ಆಗಿನ ಉಪಾಧ್ಯಕ್ಷ ವಿಲಿಯಂ ರುಟೊ ವಿರುದ್ಧದ ಪ್ರಕರಣ 2016ರ ಏಪ್ರಿಲ್ 5ರಂದು ನಿಂತುಹೋಯಿತು. ಸಾಕ್ಷ್ಯ ಸಾಲದು ಎಂದ ಪೀಠ, ಸಾಕ್ಷಿಗಳ ಮೇಲೆ ಒತ್ತಡ ಬಂದದ್ದನ್ನೂ ದಾಖಲಿಸಿತು. ತಯಾರಿಗೆ ಬಾಗಿಲು ತೆರೆದ ಪ್ರಕರಣವೇ ಅದು. ಎಷ್ಟೇ ಚೆನ್ನಾಗಿ ತಯಾರಿ ಮಾಡಿದರೂ, ಹೆದರಿ ಬಾರದ ಸಾಕ್ಷಿಯ ಕುರ್ಚಿ ಖಾಲಿಯೇ.

ಹೆಜ್ಜೆ 9: ಕುರ್ಚಿಯಿಂದ ಎದ್ದ ಮೇಲೆ

ಸಾಕ್ಷಿ ಹೇಳಿ ಹೊರಬಂದವರಿಗೆ ಮೊದಲು ನೀರು, ಊಟ, ನಿದ್ದೆ. ಚೆನ್ನಾಗಿ ಹೇಳಿದಿರಿ ಎಂದು ಹೊಗಳಬೇಡಿ, ಬಂದದ್ದಕ್ಕೆ ಧನ್ಯವಾದ ಹೇಳಿ. ಒಂದೆರಡು ದಿನದಲ್ಲಿ ಹಳೆಯದೆಲ್ಲ ಮತ್ತೆ ಮೇಲೆ ಬರಬಹುದು ಎಂದು ತಿಳಿಸಿ. ಕಾಂಬೋಡಿಯಾ ಕೋರ್ಟಿನಲ್ಲಿ ಸ್ಥಳೀಯ ಮನೋಸಾಮಾಜಿಕ ಸಂಸ್ಥೆಯೊಂದರ ಆಪ್ತಸಲಹೆಗಾರರು ಸಾಕ್ಷಿಗಳ ಜೊತೆಗಿರುತ್ತಿದ್ದರು, ಅದು ಅನುಕರಿಸಬೇಕಾದ ಪದ್ಧತಿ. ಉಳಿದ ಸಾಕ್ಷಿಗಳ ಜೊತೆ ತಾವು ಹೇಳಿದ್ದನ್ನು ಮಾತಾಡಬಾರದು ಎಂದು ನೆನಪಿಸಿ.

ಊರಿಗೆ ಮರಳಿದ ಮೇಲೆ ವಿಭಾಗದವರು ಸುರಕ್ಷತೆ ವಿಚಾರಿಸುತ್ತಾರೆ. ಯಾವ ನಂಬರಿಗೆ ಯಾವಾಗ ಫೋನ್ ಮಾಡಬೇಕು ಎಂದು ಬರೆದುಕೊಡಿ, ಓದು ಬಾರದವರಿಗೆ ಫೋನಿನಲ್ಲೇ ಹಾಕಿಕೊಡಿ. ತೀರ್ಪು ಬರಲು ವರ್ಷಗಳು ಹಿಡಿಯುತ್ತವೆ. ಲುಬಾಂಗಾ ವಿಚಾರಣೆಯಲ್ಲಿ ಮೊದಲ ಸಾಕ್ಷಿ ಕೂತದ್ದು 2009ರ ಜನವರಿ, ತೀರ್ಪು ಬಂದದ್ದು 2012ರ ಮಾರ್ಚ್. ಅಷ್ಟು ಹೊತ್ತಿಗೆ ನೀವು ಬೇರೆ ಕೇಸಿನಲ್ಲಿ ಮುಳುಗಿರುತ್ತೀರಿ. ಆದರೂ ತೀರ್ಪಿನ ಸುದ್ದಿ ಅವರಿಗೆ ರೇಡಿಯೊದಿಂದ ತಿಳಿಯುವ ಮೊದಲೇ ವಿಭಾಗದ ಮೂಲಕ ತಿಳಿಯುವಂತೆ, ಅವರು ಊರು ಬಿಡುವ ದಿನವೇ ಏರ್ಪಾಡು ಮಾಡಿಟ್ಟುಕೊಳ್ಳಿ.